ಸೂಪ್ ಮೇಕರಿನ ಮುಸುರೆ

ಹೋದ ಸೋಮವಾರ ನಮ್ಮವ್ವ ಒಂದು ಮಶೀನಿಗೆ ಜಳಕ ಮಾಡಿಸಿದಳು.

ಒರೆಸಿದ್ದಲ್ಲ, ಜಳಕ. ಹಿತ್ತಲ ಕಟ್ಟೆಯ ಮೇಲೆ ಕೂಡ್ರಿಸಿ, ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿದು, ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಹೊಟ್ಟೆ, ಬೆನ್ನು, ಅಡಿ ಎಲ್ಲ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. (ನಮ್ಮ ನವನಗರದಲ್ಲಿ ನಲ್ಲಿಗೆ ಯಾವತ್ತು ನೀರು ಬರುತ್ತದೆ ಅಂತ ನಲ್ಲಿಗೂ ಗೊತ್ತಿರುವುದಿಲ್ಲ. ಅಂಥದ್ದರಲ್ಲಿ ಎರಡು ಬಕೆಟ್ ಖಾಲಿ.) ಮಶೀನಿನ ವೈರು ಕಟ್ಟೆಯಿಂದ ಕೆಳಗೆ ಜೋತುಬಿದ್ದಿತ್ತು. ಅದರ ತುದಿಯಿಂದ ಹನಿ ಹನಿ ನೀರು.

ಆ ಮಶೀನು ಸೂಪ್ ಮೇಕರ್. ಕರೆಂಟಿನ ಮೇಲೆ ನಡೆಯುವುದು. ತಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ.

ಅವ್ವನನ್ನು ಈ ಅಂಕಣದಲ್ಲಿ ನೀವು ಮೊದಲೂ ಕಂಡಿದ್ದೀರಿ. ಹೆಬ್ಬಳ್ಳಿಯವಳು. ಕಡಲೆ ಕೀಳುವ ಹಂಗಾಮಿನಲ್ಲಿ ಓಣಿಯ ಹುಡುಗಿಯರೆಲ್ಲ ಹೊಲಕ್ಕೆ ನಡೆದರೆ ನನ್ನೊಬ್ಬಳನ್ನು ಸಾಲಿಗೆ ಅಟ್ಟಿದವಳು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಒಂದು ಬಂದದ್ದು ನನ್ನಿಂದ. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮನೆಯ ಗೇಟಿನ ಬೋರ್ಡಿನಲ್ಲಿ ನಮ್ಮ ಮನೆಯವರ ಹೆಸರಿನ ಕೆಳಗೆ ನನ್ನ ಹೆಸರೂ ಇದೆ, ಅದರ ಮುಂದೆ ಬಿ.ಕಾಂ. ಅಂತಲೂ ಇದೆ. ನಗುವವರು ನಗಲಿ.

ಈ ಅವ್ವ ಕಳೆದ ತಿಂಗಳು ದನದ ಕೊಟ್ಟಿಗೆಯಲ್ಲಿ ಜಾರಿಬಿದ್ದು ಗದ್ದ ಕಲ್ಲಿಗೆ ಬಡಿದು ದವಡೆ ಮುರಿದುಕೊಂಡಳು. ಸತ್ತೂರಿನ ಆಸ್ಪತ್ರೆಯಲ್ಲಿ ಮೇಲಿನ ಹಲ್ಲು, ಕೆಳಗಿನ ಹಲ್ಲು ಕೂಡಿಸಿ ತಂತಿ ಕಟ್ಟಿದರು. ಒಂದೂವರೆ ತಿಂಗಳು ಬಾಯಿ ತೆರೆಯುವಂತಿಲ್ಲ. ಏನು ಹೋದರೂ ಸ್ಟ್ರಾ ಹಚ್ಚಿ, ನೀರಾಗಿಯೇ ಹೋಗಬೇಕು. ಮಾತಾಡಬಹುದು, ಹಲ್ಲು ಕಚ್ಚಿಕೊಂಡು. (ಅವ್ವ ಮೊದಲಿನಿಂದಲೂ ಹಂಗೇ ಮಾತಾಡ್ತಾಳ, ಏನೂ ಫರಕು ಕಾಣಲಿಲ್ಲ ಅಂತ ನನ್ನ ತಮ್ಮ.)

ತಮ್ಮನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಅದಕ್ಕೇ ಅವ್ವನನ್ನು ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಕರೆತಂದೆ. ಅವಳು ಸುಲಭಕ್ಕೆ ಒಪ್ಪಿರಲಿಲ್ಲ.

"ಬೀಗರ ಮನ್ಯಾಗ ಹಾಸಿಗಿ ಹಿಡಿಯೂದು ಛಲೋ ಅಲ್ಲ ನೀಲವ್ವ."

"ಬೀಗರ ಮನಿ ಎಲ್ಲೈತಿ? ಅದು ನನ್ನ ಮನಿ."

"ನಿಮ್ಮತ್ತಿ ಅಲ್ಲೇ ಇರ್ತಾರಲ್ಲ?"

"ಇರ್ತಾರ."

"ಮತ್ತ?"

ಆ ಒಂದು 'ಮತ್ತ'ಕ್ಕೆ ಉತ್ತರ ಕೊಡುವ ವಿದ್ಯೆ ನನ್ನ ಬಿ.ಕಾಂ.ನಲ್ಲಿರಲಿಲ್ಲ. ಸುಮ್ಮನೆ ಆಟೋ ಹತ್ತಿಸಿದೆ.

ಡಾಕ್ಟರು ಹೊರಡುವಾಗ ಒಂದು ಮಾತು ಹೇಳಿದ್ದರು. "ಇವರ ತೂಕದ ಮ್ಯಾಲೆ ಲಕ್ಷ್ಯ ಇಡ್ರಿ. ಬಾಯಿ ಕಟ್ಟಿದ ಪೇಶಂಟು ಲಗೂನ ಇಳೀತಾರ. ಮುಂದ ಬಂದಾಗ ಭಾಳ ಇಳದಿದ್ರ ಅಡ್ಮಿಟ್ ಮಾಡಿ ಮೂಗಿನ್ಯಾಗಿಂದ ನಳಿಗಿ ಹಾಕಬೇಕಾಗ್ತದ." ಅವ್ವನ ಪಕ್ಕದ ಹಾಸಿಗೆಯಲ್ಲಿ ಅಂಥ ನಳಿಗೆಯ ಒಬ್ಬ ಹೆಂಗಸು ಇದ್ದಳು. ಅವ್ವ ಅಲ್ಲಿ ಇದ್ದಷ್ಟು ದಿನ ಆ ಕಡೆ ಮುಖ ಮಾಡಿ ಮಲಗಲೇ ಇಲ್ಲ.

ಹಾಗಾಗಿ ಸೂಪ್ ಮೇಕರ್. ಹುಬ್ಬಳ್ಳಿಯ ಅಂಗಡಿಯಲ್ಲಿ ನೋಡಿದೆ. ನೋಡಲಿಕ್ಕೆ ದೊಡ್ಡ ಚಹಾದ ಕೆಟಲ್. ಒಳಗೆ ಬ್ಲೇಡು, ಅಡಿಯಲ್ಲಿ ಕಾಯಿಲ್. ತರಕಾರಿ ಹೆಚ್ಚಿ ಹಾಕಿ, ನೀರು ಸುರಿದು, ಮುಚ್ಚಳ ಹಾಕಿ ಗುಂಡಿ ಒತ್ತಿದರೆ ತಾನೇ ಕುದಿಸಿ, ತಾನೇ ರುಬ್ಬಿ, ಪೀ ಅನ್ನುತ್ತದೆ. ನನ್ನಂಥ ಆಫೀಸಿಗೆ ಹೋಗುವವಳಿಗೆ ಇನ್ನೇನು ಬೇಕು?

ಮನೆಗೆ ತಂದ ಸಂಜೆ ಎಲ್ಲರನ್ನೂ ಅಡುಗೆಮನೆಯಲ್ಲಿ ಕೂಡ್ರಿಸಿ ಅದರ ಇಂಗ್ಲಿಷ್ ಪುಸ್ತಕ ಓದಿದೆ. ಓದುತ್ತ ಓದುತ್ತ ಕನ್ನಡದಲ್ಲಿ ಹೇಳಿದೆ. ನನಗೆ ಅದೊಂದು ಖುಷಿ. ಅಂಗಡಿಯವನ ಬಾಯಿಮಾತು ನಂಬುವ ಮನೆಯಲ್ಲಿ ಹುಟ್ಟಿ, ಅಚ್ಚಾದದ್ದನ್ನು ಸ್ವಂತ ಕಣ್ಣಿಂದ ಓದುವಂತಾದವರಿಗೆ ಆ ಖುಷಿ ಏನು ಅಂತ ಗೊತ್ತು. ನಡುವೆ ಮುಚ್ಚಳ ತೆಗೆಯಬಾರದು. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಹೊರಮೈಗೆ, ತಳಕ್ಕೆ ನೀರು ತಾಗಿಸಲೇಬಾರದು. ಒಳಗೆ ಸ್ವಲ್ಪ ನೀರಾಡಿಸಿ ಚೆಲ್ಲಬೇಕು, ಹೊರಗೆ ಒದ್ದೆ ಅರಿವೆಯಿಂದ ಒರೆಸಬೇಕು, ಅಷ್ಟೇ.

"ಅಷ್ಟ?" ಅಂದರು ಅತ್ತೆ.

"ಅಷ್ಟ ರೀ ಅತ್ತಿ. ತಿಕ್ಕೂ ತ್ರಾಸಿಲ್ಲ."

ಅತ್ತೆ ಅವ್ವನ ಮುಖ ನೋಡಿದರು. ಅವ್ವ ನೆಲ ನೋಡಿದಳು. ಇಬ್ಬರೂ ಬೆರಗಾಗಿದ್ದಾರೆ ಅಂದುಕೊಂಡೆ.

ಮೊದಲ ದಿನ ಗಜ್ಜರಿ ಸೂಪು. ಸಂಜೆ ನಮ್ಮ ಭಾಗದ ಕರೆಂಟು ತನ್ನ ಪದ್ಧತಿಯಂತೆ ಹೋಯಿತು, ಬಂತು, ಹೋಯಿತು. ಮಶೀನಿಗೆ ತಾನು ಎಲ್ಲಿಯವರೆಗೆ ಕುದಿಸಿದ್ದೆ ಅನ್ನುವ ನೆನಪೇ ಇಲ್ಲ, ಪ್ರತಿ ಸಲ ಶ್ರೀಗಣೇಶದಿಂದ ಶುರು. ನಾನು ಅದರ ಮುಂದೆ ಶತಪಥ ಹಾಕಿದೆ. ಒಳಗೆ ಏನಾಗುತ್ತಿದೆ? ಬೆಂದಿತೇ? ಹತ್ತಿತೇ? ಸೌಟು ಆಡಿಸದೆ, ವಾಸನೆ ನೋಡದೆ, ಕೈಕಟ್ಟಿ ನಿಂತು ಅಡುಗೆ ಮಾಡುವುದು ನಮ್ಮಂಥವರಿಗೆ ಆಗದ ಮಾತು. ಕೊನೆಗೆ ಸೂಪು ಬಂತು, ರೇಶಿಮೆಯಷ್ಟು ನುಣ್ಣಗೆ. ಅವ್ವ ಕುಡಿದಳು. ಮರುದಿನವೂ ಅರ್ಧ ಲೋಟ ಕುಡಿದಳು.

ಆಮೇಲೆ ನಿಲ್ಲಿಸಿದಳು.

"ಯಾಕ ಬೇ?"

"ಹೊಟ್ಟಿ ತುಂಬೇತಿ."

ಹಾಲು ಕುಡಿಯುತ್ತಾಳೆ, ಮಜ್ಜಿಗೆ ಕುಡಿಯುತ್ತಾಳೆ. ಸೂಪಿನ ಲೋಟ ಬಂದರೆ ಹೊಟ್ಟೆ ತುಂಬಿರುತ್ತದೆ. ರುಚಿ ಹಿಡಿಸಿಲ್ಲ ಅಂದುಕೊಂಡೆ. ಕುಂಬಳಕಾಯಿ ಮಾಡಿದೆ, ಪಾಲಕ್ ಮಾಡಿದೆ, ಹೆಸರುಬೇಳೆ ಹಾಕಿದೆ, ಜೀರಿಗೆ ಒಗ್ಗರಣೆ ಕೊಟ್ಟೆ. ಆಫೀಸಿನಲ್ಲಿ ಕುಳಿತರೆ ಕುರ್ಚಿ ಚುಚ್ಚುತ್ತಿತ್ತು. ಪಾಲಿಸಿ ಫೈಲು ತೆರೆದು ಏನು ಓದಿದೆ ಅಂತ ಗೊತ್ತಾಗದೆ ಮುಚ್ಚುತ್ತಿದ್ದೆ. ಮತ್ತೆ ಮತ್ತೆ ಮನೆಗೆ ಫೋನು.

"ಅತ್ತೀ, ಅವ್ವ ಸೂಪು ಕುಡದ್ಲೇನ್ರಿ?"

"ಹೂಂ, ಆತು."

ಏನಾಯಿತು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಅವ್ವನ ಬಳೆಗಳು ಹೇಳುತ್ತಿದ್ದವು. ಮೊದಲು ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂತಿದ್ದವು, ಈಗ ಕೈ ಎತ್ತಿದರೆ ಮೊಣಕೈವರೆಗೂ ಜಾರುತ್ತಿದ್ದವು. ಡಾಕ್ಟರಿಗೆ ತೋರಿಸುವ ಶನಿವಾರ ಹತ್ತಿರ ಬರುತ್ತಿತ್ತು. ಕಣ್ಣು ಮುಚ್ಚಿದರೆ ನನಗೆ ನಳಿಗೆ ಕಾಣುತ್ತಿತ್ತು.

ಆ ಸೋಮವಾರ ಕೂಡಲಾಗದೆ ಅರ್ಧ ದಿನ ರಜೆ ಹಾಕಿ ಎದ್ದು ಬಂದೆ. ಅತ್ತೆ ಪಕ್ಕದ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದರು. ಹಿತ್ತಲಲ್ಲಿ ಅವ್ವ, ನಾರು, ನೊರೆ, ಮಶೀನು.

"ಯವ್ವಾ, ಏನ್ ಮಾಡಾಕತ್ತಿ? ಅದಕ ನೀರು ತಾಗಬಾರದಂತ ಓದಿ ಹೇಳಿರಲಿಲ್ಲೇನು?"

"ಹೇಳಿದ್ದಿ." ಹಲ್ಲಿನ ಸಂದಿಯಿಂದ ಮಾತು. "ಅದಕ ತೊಳ್ಯಾಕತ್ತೇನಿ."

"ಅಂದ್ರ?"

"ತಂದಾಗಿಂದ ಅದರ ಹೊರಮೈ ನೀರು ಕಂಡಿಲ್ಲ. ಸೂಪು ಉಕ್ಕಿ ಅಂಚಿಗೆ ಇಳದದ್ದು ಹಂಗ ಒಣಗೇತಿ. ನೀ ಅರಿವಿಲೆ ಒರಸ್ತಿ. ಮುಸುರಿ ಒರಸಿದ್ರ ಹೋಗ್ತೈತೇನು? ಮುಸುರಿ ಬೋಗಾಣ್ಯಾಗ ಮತ್ತ ಅಡಿಗಿ. ಮತ್ತ ಅದರಾಗ ಅಡಿಗಿ."

ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಬೆಂದ ಅಡುಗೆ ತಾಗಿದ ಪಾತ್ರೆ ಮುಸುರೆ. ಅದು ಒಳಗೂ ಹೊರಗೂ ನೀರು ಕಂಡು, ತಿಕ್ಕಿಸಿಕೊಂಡು, ಬೋರಲು ಬಿದ್ದ ಮೇಲೆಯೇ ಮತ್ತೆ ಒಲೆ ಏರಬೇಕು. ಲಿಂಗಪೂಜೆ ಮುಗಿಯದೆ ಗುಟುಕು ನೀರು ಕುಡಿಯದ ಅವ್ವನಿಗೆ ನಾನು ದಿನಾ, ಪ್ರೀತಿಯಿಂದ, ಮುಸುರೆಯಲ್ಲಿ ಬೇಯಿಸಿ ಕೊಡುತ್ತಿದ್ದೆ.

"ಬಾಯಿಬಿಟ್ಟು ಹೇಳಬೇಕಿಲ್ಲೇನು?"

"ಹೆಂಗ ಹೇಳ್ಲಿ? ಇದು ನಿಮ್ಮತ್ತಿ ಅಡಿಗಿಮನಿ. ಬೀಗರ ಮನ್ಯಾಗ ಕುಂತು ನಿಮ್ಮ ಪಾತ್ರಿ ಮುಸುರಿ ಅಂದ್ರ ಅವರ ಮಾನ ಏನು ಉಳೀತು? ನಾಳೆ ಅದರ ಮಾತು ನಿನ್ನ ತಲಿ ಮ್ಯಾಲೆ ಬರ್ತೈತಿ."

ಅಷ್ಟರಲ್ಲಿ ಅತ್ತೆ ಬಂದರು. ಕೈ ತುಂಬ ಶಾವಿಗೆ ಹಿಟ್ಟು. ಅವ್ವ ಸೆರಗು ಎಳೆದುಕೊಂಡು ಗೋಡೆಗೆ ಸರಿದಳು. ಅತ್ತೆ ಮಶೀನನ್ನು ಒಂದು ಸುತ್ತು ನೋಡಿದರು. ಇನ್ನು ಏನೇನು ಕೇಳಬೇಕೋ?

"ಛಲೋ ಆತು ಬಿಡ್ರಿ ಬೀಗತಿ," ಅಂದರು. "ನನಗ ಮುಟ್ಟಾಕ ಮನಸ್ಸು ಬರಲಾರದ ಅರಿವಿಲೆ ಹಿಡಿದು ದೇವರ ಕಟ್ಟಿಯಿಂದ ದೂರ, ಕಿಡಕಿ ಕಡೆ ಸರಿಸಿಟ್ಟಿದ್ದೆ."

"ಅತ್ತೀ, ನೀವೂ ಅದನ್ನ ಅಂತೀರೇನು? ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಸೊಸಿ ತನ್ನ ಪಗಾರದಾಗ, ತನ್ನ ತಾಯಿ ಸಲುವಾಗಿ ತಂದ ಸಾಮಾನು. ಮ್ಯಾಲೆ ಕೈಯಾಗ ಪುಸ್ತಕ. ನಾ ಹೆಸರಿಟ್ರ ಏನಂತಿದ್ದಿ? ಬೀಗತಿ ನಾಕ ದಿನ ಉಂಡದ್ದು ಅತ್ತಿಗೆ ತಡೀಲಿಲ್ಲ ಅಂತಿದ್ದಿ."

"ಮತ್ತ ಫೋನಿನ್ಯಾಗ 'ಆತು' ಅಂತಿದ್ರಲ್ಲ?"

"ಆಗೇ ಆಗ್ತಿತ್ತು. ಪಪ್ಪಾಯಿ ಗಿಡಕ್ಕ. ಅವರು ಹಾಕೂದು ನಾ ನೋಡ್ತಿದ್ದೆ."

ಅವ್ವನ ಕಟ್ಟಿದ ಬಾಯಿಂದ ಒಂದು ಶಬ್ದ ಬಂತು. ದವಡೆಗೆ ನೋವಾಗದಂತೆ ನಗುವುದು ಹಾಗಿರುತ್ತದೆ ಅಂತ ಆಮೇಲೆ ತಿಳಿಯಿತು. ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಒಬ್ಬಳು ಸೌಜನ್ಯಕ್ಕೆ ಉಪವಾಸ ಬಿದ್ದಿದ್ದಾಳೆ, ಇನ್ನೊಬ್ಬಳು ಸೌಜನ್ಯಕ್ಕೆ ನೋಡುತ್ತ ಕೂತಿದ್ದಾಳೆ, ನಡುವೆ ನಾನು ವಿಟಮಿನ್ನು ಎಣಿಸುತ್ತಿದ್ದೇನೆ. ಇದನ್ನೇ ಅಲ್ಲವೇ ನಾವು ದೊಡ್ಡ ಮನೆತನದ ಮರ್ಯಾದೆ ಅನ್ನುವುದು?

ಮಶೀನು ಎರಡು ದಿನ ಬಿಸಿಲು ಕಾಯಿತು. ನಮ್ಮ ಮನೆಯವರು ಧೈರ್ಯ ಮಾಡಿ ಪ್ಲಗ್ ಚುಚ್ಚಿದರು. ಇಡೀ ಮನೆಯ ಫ್ಯೂಜ್ ಹಾರಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಆ ಸೋಮವಾರ ಸಂಜೆಯೇ ನಾನು ಕುಕ್ಕರಿನಲ್ಲಿ ಬೇಳೆ, ಗಜ್ಜರಿ ಕುದಿಸಿ, ಮಿಕ್ಸರಿನಲ್ಲಿ ರುಬ್ಬಿ, ಸೋಸಿ ಕೊಟ್ಟೆ. ಮಿಕ್ಸರ್ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಇದೆ. ಅದೂ ಕರೆಂಟಿನದೇ. ಆದರೆ ಅದರ ಜಾರು ಬೇರೆ, ಮೋಟರು ಬೇರೆ. ಜಾರು ಉಳಿದ ಪಾತ್ರೆಗಳ ಸಂಗಡ ಹಿತ್ತಲಿಗೆ ಹೋಗಿ ತಿಕ್ಕಿಸಿಕೊಂಡು ಬರುತ್ತದೆ. ಅದಕ್ಕೇ ಯಾವ ಅತ್ತೆಯೂ ತಕರಾರು ಮಾಡಿಲ್ಲ. ಅವ್ವ ತುಂಬಿದ ಲೋಟ ಕುಡಿದು ಮುಗಿಸಿದಳು. ನಾನು ಬಾಗಿಲಲ್ಲಿ ನಿಂತು ಸ್ಟ್ರಾದಲ್ಲಿ ಏರುವ ಕೇಸರಿ ಗೆರೆಯನ್ನೇ ನೋಡಿದೆ. ಮರುದಿನ ಬೆಳಿಗ್ಗೆಯೂ ನೋಡಿದೆ. ಪಪ್ಪಾಯಿ ಗಿಡದ ಬುಡವನ್ನೂ ಹೋಗಿ ನೋಡಿಬಂದೆ. (ನಂಬಿಕೆ ಬೇರೆ, ಖಾತ್ರಿ ಬೇರೆ.)

ಪುಸ್ತಕ ಓದಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಓದು ಇರದಿದ್ದರೆ ಇವತ್ತು ಯಾರದೋ ಹೊಲದಲ್ಲಿ ಕಡಲೆ ಕೀಳುತ್ತಿರುತ್ತಿದ್ದೆ. ಮುಸುರೆಯ ಲೆಕ್ಕಕ್ಕೆ ಮುರಿದ ದವಡೆಯವಳು ಊಟ ಬಿಡುವುದು ಸರಿ ಅಂತಲೂ ಒಪ್ಪುವುದಿಲ್ಲ. ಜಗಳಾಡಬಹುದಿತ್ತಲ್ಲ? ಊರಲ್ಲಿ ಅವ್ವ ಎಂಥ ಜಗಳಗಂಟಿ ಅಂತೀರಿ. ತಮ್ಮನ ಹೆಂಡತಿ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದರೆ ಓಣಿಗೆಲ್ಲ ಕೇಳಬೇಕು. ಅಂಥವಳು ನನ್ನ ಮನೆಯ ಹೊಸ್ತಿಲು ದಾಟಿದ ಕೂಡಲೇ 'ಎಲ್ಲಾ ಛಲೋ ಐತಿ' ಅನ್ನುವ ಮುದುಕಿ ಆಗುತ್ತಾಳೆ. ಮಗನ ಮನೆಯಲ್ಲಿ ಯಜಮಾನಿ, ಮಗಳ ಮನೆಯಲ್ಲಿ ಅತಿಥಿ. ಮದುವೆಯಾಗಿ ಇಷ್ಟು ವರ್ಷವಾದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮವ್ವ ಎಷ್ಟು ಹೊಂದಿಕೊಂಡು ಹೋಗುತ್ತಾಳೆ ಅಂತ ಹೆಮ್ಮೆಪಟ್ಟುಕೊಂಡಿದ್ದೆ.

ಶನಿವಾರ ಸತ್ತೂರಿಗೆ ಹೋದೆವು. ತೂಕದ ಮಶೀನಿನ ಮೇಲೆ ಅವ್ವ ಚಪ್ಪಲಿ ಬಿಟ್ಟು, ಕೈಮುಗಿದು ಹತ್ತಿದಳು. ಮುಳ್ಳು ಅಲ್ಲಾಡಿತು.

"ಇಳದಾರ," ಅಂದರು ಡಾಕ್ಟರು. "ಆದ್ರ ನಳಿಗಿ ಹಾಕೂವಷ್ಟು ಇಳದಿಲ್ಲ. ಈಗೇನು ಕೊಡಾಕತ್ತೀರೋ ಅದನ್ನ ಹೆಚ್ಚು ಮಾಡ್ರಿ. ಮುಂದಿನ ವಾರ ಮತ್ತ ನೋಡೂಣು."

ಮುಂದಿನ ವಾರ. ಅಂದರೆ ಇನ್ನೊಂದು ವಾರ ನನಗೆ ನಿದ್ದೆಯಿಲ್ಲ. ಇರಲಿ.

ಮನೆಗೆ ಬಂದು ಊಟಕ್ಕೆ ಕೂತೆವು. ಅತ್ತೆ ತಾವೇ ಕೈಯಾರೆ ಸೂಪು ಸೋಸಿ ಅವ್ವನ ಮುಂದಿಟ್ಟರು. ಅವ್ವ ಒಂದು ಗುಟುಕು ಎಳೆದಳು. ನಿಲ್ಲಿಸಿದಳು. ಲೋಟ ನೋಡಿದಳು, ಅತ್ತೆಯನ್ನು ನೋಡಿದಳು. ನನ್ನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು.

"ಅಕ್ಕಾರ," ಅಂದಳು ಅವ್ವ, ಹಲ್ಲಿನ ಸಂದಿಯಿಂದ, "ಉಪ್ಪು ಕಡಿಮಿ ಬಿದ್ದೈತಿ."

ಅತ್ತೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಲೋಟಕ್ಕೆ ಚಿಟಿಕೆ ಉದುರಿಸಿ, ಚಮಚದಿಂದ ತಿರುವಿ, "ಈಗ ನೋಡ್ರಿ" ಅಂದರು. ಅವ್ವ ನೋಡಿದಳು. ಇನ್ನಷ್ಟು ಬೇಕು ಅಂತ ಬೆರಳು ಆಡಿಸಿದಳು.

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲಿ ಉಂಡು ನಿಮ್ಮ ತಾಯಿ ಉಪ್ಪು ಕಡಿಮೆ ಅಂದದ್ದು ಯಾವಾಗ?