ಕೊನೆಯವನ ಕುರ್ಚಿ

ನನ್ನ ಅಂಗಡಿಯಲ್ಲಿ ಒಲೆಯ ಪಕ್ಕ ಒಂದು ಕುರ್ಚಿ ಇದೆ. ಭಾನುವಾರ ಮಾತ್ರ ಅದರಲ್ಲಿ ಯಾರೆಂದರೆ ಅವರು ಕೂರುವ ಹಾಗಿಲ್ಲ. ನೊಬ್ಸಾ ಊರಿನಿಂದ ಸೈಕಲ್ ತುಳಿದುಕೊಂಡು ಈ ಘಾಟಿ ಹತ್ತಿ ಬರುವವರಲ್ಲಿ ಕಟ್ಟಕಡೆಗೆ ಬಂದವನಿಗೆ ಅದು ಮೀಸಲು. ಎಲ್ಲರಿಗಿಂತ ಹೆಚ್ಚು ಹೊತ್ತು ಚಳಿ ತಿಂದವನು ಅವನೇ ತಾನೆ, ಅದಕ್ಕೆ. ಅವನು ಬಂದು ಕೂತು ಬಿಸಿ ಬೆಲ್ಲದ ನೀರು ಕುಡಿಯುವ ತನಕ ನಾನು ಒಲೆಯಿಂದ ಪಾತ್ರೆ ಇಳಿಸುವುದಿಲ್ಲ. ಮೊದಲು ಬಂದವನಿಗೂ ಒಂದು ಕೆಲಸ ಉಂಟು. ಮೂಲೆಯಲ್ಲಿ ಪೇರಿಸಿಟ್ಟ ಹಳೇ ಪತ್ರಿಕೆಗಳನ್ನು ಮಡಚಿ ಎಲ್ಲರಿಗೂ ಒಂದೊಂದು ಇಡಬೇಕು. ಇಳಿಜಾರಿನಲ್ಲಿ ಗಾಳಿ ಎದೆಗೆ ಹೊಡೆಯದಂತೆ ಅದನ್ನು ಅಂಗಿಯೊಳಗೆ ತುರುಕಿಕೊಂಡು ಇಳಿಯುತ್ತಾರೆ. ನನ್ನ ಅತ್ತೆ ಅಂಗಡಿ ನಡೆಸುತ್ತಿದ್ದಾಗಲೂ ಇದೇ ಪದ್ಧತಿ.

ಆ ಕುರ್ಚಿಯಲ್ಲಿ ಒಮ್ಮೆಯೂ ಕೂರದೆ ಇದ್ದವರು ದೋನ್ ಲಿಸಾಂದ್ರೊ. ಅವರು ನೇಕಾರರು, ಚಳಿಗೆ ಹೊದೆಯುವ ಉಣ್ಣೆಯ ರುವಾನಾ ನೇಯುತ್ತಾರೆ. ನಾನು ಈಗ ಹೊದ್ದಿರುವುದೂ ಅವರ ಮಗ್ಗದ್ದೇ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಭಾನುವಾರ ಪುರುಸೊತ್ತಿರಲಿಲ್ಲ" ಅನ್ನುತ್ತಿದ್ದರು. ವಾರವಿಡೀ ಮಗ್ಗದ ಸದ್ದಿನೊಳಗೆ ಬಾಯಿ ಮುಚ್ಚಿಕೊಂಡಿದ್ದು, ಕೂಡಿಟ್ಟ ಮಾತನ್ನೆಲ್ಲ ಇಲ್ಲಿ ಬಂದು ಸುರಿಯುತ್ತಿದ್ದ ಮನುಷ್ಯ. ಏನು ಮಾತು ಅಂತೀರಿ? ಯಾವ ತಿರುವಿನಲ್ಲಿ ಯಾರು ಮುಂದಾದರು, ಯಾರ ಕಾಲು ಎಲ್ಲಿ ಸೋತಿತು, ಅಷ್ಟೇ. ಅದನ್ನೇ ಎವಾರಿಸ್ಟೊ ಅಲ್ಲಗಳೆಯಬೇಕು. ಎವಾರಿಸ್ಟೊ ಸಂತೆಬೀದಿಯ ಕಸಾಯಿ. ಮೊದಲ ಸ್ಥಾನ ಒಂದು ವಾರ ಇವರದಾದರೆ ಇನ್ನೊಂದು ವಾರ ಅವನದು. ಇಬ್ಬರ ತಲೆಯೂ ಹೀಗೇ ನೆರೆಯಿತು. ಆದರೆ ಒಬ್ಬರ ಮನೆಯ ಹೊಸಿಲನ್ನು ಇನ್ನೊಬ್ಬರು ತುಳಿದದ್ದಿಲ್ಲ.

ಹೋದ ವರ್ಷ ಇಳಿಜಾರಿನಲ್ಲಿ ನಾಯಿಯೊಂದು ಅಡ್ಡ ಬಂತು. ದೋನ್ ಲಿಸಾಂದ್ರೊ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಳಗೆ ಕಬ್ಬಿಣ ಹಾಕಿ ಕೂಡಿಸಿದರು. "ಎಷ್ಟು ಬೇಕಾದರೂ ನಡೆಯಿರಿ, ಸೈಕಲ್ ಮಾತ್ರ ಮುಟ್ಟಬೇಡಿ. ಮುಂದೆ ನೋಡೋಣ" ಅಂದರಂತೆ ಡಾಕ್ಟರು. ಆ 'ನೋಡೋಣ' ಇದೆಯಲ್ಲ, ಅದಕ್ಕಿಂತ 'ಆಗುವುದಿಲ್ಲ' ಅಂದಿದ್ದರೆ ವಾಸಿಯಿತ್ತು.

ಸೈಕಲ್ಲಿನವರು ಆಸ್ಪತ್ರೆಗೆ ಒಂದು ಸಲ ಬಂದರು. ಹಣ್ಣು ತಂದರು, ಮಂಚದ ಸುತ್ತ ನಿಂತರು, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗದೆ ಒದ್ದಾಡಿದರು. ಹ್ಯಾಂಡಲ್ ಇಲ್ಲದ ಕೈಗಳು. ಎವಾರಿಸ್ಟೊ "ಬೇಗ ಏಳು" ಅಂದ. ಆಮೇಲೆ ಯಾರೂ ಬರಲಿಲ್ಲ. ಕೆಟ್ಟವರೇನಲ್ಲ. ಸೈಕಲ್ ಮೇಲಿಲ್ಲದ ಲಿಸಾಂದ್ರೊ ಹತ್ತಿರ ಏನು ಮಾತಾಡಬೇಕೋ ಅವರಿಗೆ ತಿಳಿಯದು.

ಮನೆಗೆ ಬಂದ ಮೇಲೆ ಅವರ ತಂಗಿ ಅನಾತಿಲ್ದೆ ಒಂದು ವ್ಯಾಯಾಮದ ಸೈಕಲ್ ತಂದು ಮಗ್ಗದ ಎದುರಿಗೆ ನಿಲ್ಲಿಸಿದಳು, ಡಾಕ್ಟರನ್ನೂ ಕೇಳದೆ.

"ಇದು ಎಲ್ಲಿಗೆ ಹೋಗುತ್ತೆ?" ಅಂದರಂತೆ ಇವರು.

"ಎಲ್ಲಿಗೂ ಹೋಗಲ್ಲ ಅಣ್ಣ. ಅದೇ ಅದರ ಒಳ್ಳೆ ಗುಣ. ಬೀಳೋದೂ ಇಲ್ಲ."

ಸೈಕಲ್ ಮುಟ್ಟಬೇಡಿ ಅಂದ ಡಾಕ್ಟರ ಮಾತೇ ಇವರಿಗೆ ಒಳ್ಳೆಯ ನೆಪವಾಯಿತು. ಆ ಸೈಕಲ್ಲಿನ ಮೇಲೆ ಉಣ್ಣೆಯ ಲಡಿಗಳನ್ನು ಒಣಹಾಕಿದರು. ಆಮೇಲೆ ಚೌಕದಲ್ಲಿ ಬೆಳಗ್ಗೆ ಹೆಂಗಸರು ಹಾಡು ಹಚ್ಚಿಕೊಂಡು ಮಾಡುವ ಕಸರತ್ತಿಗೆ ಸೇರಿದರು. ಅಷ್ಟು ಹೆಂಗಸರ ನಡುವೆ ಇವರೊಬ್ಬರೇ ಗಂಡಸು, ಎಡ ಅಂದರೆ ಬಲಕ್ಕೆ ತಿರುಗುವುದು. "ದೋನ್ ಲಿಸಾಂದ್ರೊ, ಮುಖದಲ್ಲಿ ಸ್ವಲ್ಪ ನಗು ಇರಲಿ, ಇದೇನು ಶವಯಾತ್ರೆಯಾ?" ಅಂತ ಕಲಿಸುವ ಹುಡುಗಿ ಮೈಕಿನಲ್ಲೇ ಕೂಗಿದಳಂತೆ. ಮಾರನೆಯ ದಿನದಿಂದ ಅಲ್ಲಿಗೂ ಹೋಗಲಿಲ್ಲ.

ಕಾಲಿಗೆ ಕೆಲಸ ಬೇಕಿತ್ತು, ನಿಜ. ಆದರೆ ಅವರಿಗೆ ಬೇಕಾಗಿದ್ದು ವ್ಯಾಯಾಮವಲ್ಲ. ನನ್ನ ಅಂಗಡಿಯ ಭಾನುವಾರ ಬೇಕಾಗಿತ್ತು. ಅದು ಕೈತಪ್ಪಿದರೆ ಅವರಿಗೆ ಉಳಿಯುವುದು ಮಗ್ಗ ಒಂದೇ.

ಒಂದು ಭಾನುವಾರ ನಾನು ಬಾಗಿಲು ತೆಗೆದರೆ ಹೊರಗಿನ ಕಟ್ಟೆಯ ಮೇಲೆ ದೋನ್ ಲಿಸಾಂದ್ರೊ! ಬೆಳಕು ಹರಿಯುವ ಮುಂಚೆಯೇ ಹೊರಟು, ನಡೆದು ಹತ್ತಿದ್ದರು. ತುಟಿ ನೀಲಿಗಟ್ಟಿತ್ತು.

"ಒಳಗೆ ಬನ್ನಿ, ಒಲೆ ಹತ್ತಿರ ಕೂತ್ಕೊಳ್ಳಿ" ಅಂದೆ.

"ಅದು ಕೊನೆಯವನದು ದೋನ್ಯಾ ಬೆರ್ಸಾಬೆ. ನಾನು ಮೊದಲನೆಯವನು."

ಅಂದವರೇ ಮೂಲೆಯ ಪತ್ರಿಕೆಗಳನ್ನು ಎತ್ತಿಕೊಂಡು ಮಡಚತೊಡಗಿದರು. ಅಂಚಿಗೆ ಅಂಚು ಕೂಡಿಸಿ, ನೇಕಾರರ ಕೈಯಲ್ಲವೇ, ಎಷ್ಟು ನೀಟು! ಸೈಕಲ್ಲಿನವರು ಏದುಸಿರು ಬಿಡುತ್ತ ಬರುವ ಹೊತ್ತಿಗೆ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು.

ಅದು ಅವರು ಮಾಡಿದ ತಪ್ಪು. ಹೊಸದಾಗಿ ಸೇರಿದ್ದ ವಿಲ್ಮರ್, ಬಾಯಿಗೆ ಬೀಗವಿಲ್ಲದವನು, ಹಲ್ಲು ಕಿಸಿದ. "ಇದೇನು ದೋನ್ ಲಿಸಾಂದ್ರೊ, ನಡ್ಕೊಂಡು ಬಂದೋರೂ ಫಸ್ಟ್ ಬಂದ ಲೆಕ್ಕಾನಾ? ಹಾಗಾದ್ರೆ ದೋನ್ಯಾ ಬೆರ್ಸಾಬೆನೇ ಪ್ರತಿ ವಾರ ಫಸ್ಟು. ಇಲ್ಲೇ ಮಲಗಿರ್ತಾರಲ್ಲ!"

ಎಲ್ಲರೂ ನಕ್ಕರು. ದೋನ್ ಲಿಸಾಂದ್ರೊ ಕೂಡ ನಕ್ಕರು. ಅವತ್ತು ಮೊದಲು ಬಂದವನು ಎವಾರಿಸ್ಟೊ. ಅವನು ಯಾರ ಮುಖವನ್ನೂ ನೋಡದೆ, ರೂಢಿಯಂತೆ, ಮಡಚಿಟ್ಟದ್ದನ್ನು ಬಿಚ್ಚಿ ತಾನೇ ಮತ್ತೆ ಮಡಚಿ ಹಂಚಿದ. ದೋನ್ ಲಿಸಾಂದ್ರೊಗೆ ಒಂದೂ ಇಡಲಿಲ್ಲ. ನಡೆದು ಇಳಿಯುವವನಿಗೆ ಎದೆಗೆ ಕಾಗದ ಯಾಕೆ, ಸರಿಯೇ. ಆದರೆ ಇವರ ಕಣ್ಣು ಪ್ರತಿ ಕಾಗದದ ಹಿಂದೆಯೂ ಹೋಗಿದ್ದನ್ನು ನಾನು ನೋಡಿದೆ. ಅವರವರ ತಿರುವುಗಳ ಮಾತು ಶುರುವಾಯಿತು. ಇವರು ಏನು ಹೇಳಿಯಾರು? ಎಲ್ಲ ತಿರುವಿನಲ್ಲೂ ಇವರೊಬ್ಬರೇ ಇದ್ದರು. ಬಟ್ಟಲು ಹಿಡಿದು ಕೂತರು. ಎಲ್ಲರೂ ಸುಯ್ಯೆಂದು ಇಳಿದು ಹೋದ ಮೇಲೂ ಹಾಗೇ ಕೂತಿದ್ದರು.

ನನಗೆ ತಡೆಯಲಾಗಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಕತ್ತಲಲ್ಲಿ ಕಳ್ಳನ ಹಾಗೆ ಯಾಕೆ ಹೊರಡ್ತೀರಿ? ಅವರು ಹೊರಡುವಾಗಲೇ ಹೊರಡಿ."

"ಅವರ ಜೊತೆ ಹೊರಟ್ರೆ ಮೊದಲನೇ ತಿರುವಿಗೇ ನಾನು ಒಬ್ಬನೇ ಆಗ್ತೀನಿ."

"ಈಗ ಯಾರ ಜೊತೆ ಇದೀರಿ?"

ಅವರು ಬಟ್ಟಲು ಕೆಳಗಿಟ್ಟು ಎದ್ದು ಹೋದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ನನ್ನ ನಾಲಿಗೆಗೆ ಬರೆ ಹಾಕಬೇಕು ಅಂದುಕೊಂಡೆ. ಗಂಡ ಸತ್ತ ಮೇಲೆ ಈ ನೆತ್ತಿಯ ಮೇಲೆ ಒಂಟಿಯಾಗಿರುವವಳು ನಾನು. ಒಂಟಿತನ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾರವಿಡೀ ಗಾಳಿಯ ಸದ್ದು ಕೇಳಿ ಕೇಳಿ, ಭಾನುವಾರ ಬೆಳಗ್ಗೆ ಯಾರಾದರೂ ಮಾತಾಡಿದರೆ ನನ್ನ ದನಿ ನನಗೇ ಹೊಸದಾಗಿ ಕೇಳಿಸುತ್ತದೆ.

ಆಮೇಲೊಂದು ಭಾನುವಾರ ಸೈಕಲ್ಲಿನವರು ಬಂದರು. ಎಂದಿನ ಗಲಾಟೆ ಇರಲಿಲ್ಲ. ಎವಾರಿಸ್ಟೊ ಇಲ್ಲಿಯವರ ರೂಢಿಯಂತೆ ಬೆಲ್ಲದ ನೀರಿಗೆ ಚೀಸಿನ ತುಂಡು ಹಾಕಿ ಕಲಕುತ್ತ ನನಗೆ ಹೇಳಿದ, "ಲಿಸಾಂದ್ರೊ ಚೌಕಕ್ಕೆ ಬಂದಿದ್ದ. ನಮ್ಮದೇ ಅಂಗಿ ಹಾಕ್ಕೊಂಡು ನಮ್ಮ ಸಾಲಲ್ಲೇ ನಿಂತ. ಸೈಕಲ್ ಇಲ್ಲ, ಬರಿಗೈ. ಇಗರ್ಜಿ ಗಂಟೆ ಹೊಡೀತು, ನಾವು ಹೊರಟ್ವಿ, ಅವನೂ ಹೊರಟ. ತಿರುವಲ್ಲಿ ತಿರುಗಿ ನೋಡಿದೆ. ಕೈ ಬೀಸ್ಕೊಂಡು ನಡೀತಿದ್ದ." ಬಟ್ಟಲು ಎತ್ತಿ ಒಂದು ಗುಟುಕು ಕುಡಿದು, "ಆ ಮುದಿ ಕತ್ತೆ ಹಿಂದಿಂದ ಬುಸುಗುಡದೆ ಇದ್ರೆ ನನಗೆ ಕಾಲೇ ಓಡಲ್ಲ" ಅಂದ.

ಅಷ್ಟರಲ್ಲಿ ವಿಲ್ಮರ್ ಬಂದ. ಅವತ್ತು ಸೈಕಲ್ಲಿನವರಲ್ಲಿ ಅವನೇ ಕಡೆಯವನು. ಹಲ್ಲು ಕಟಕಟಿಸುತ್ತ ಸೀದಾ ಹೋಗಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕುಕ್ಕರಿಸಿದ.

"ಏಳು" ಅಂದ ಎವಾರಿಸ್ಟೊ.

"ಯಾಕೆ? ನಾನೇ ತಾನೆ ಲಾಸ್ಟು?"

"ಕೊನೆಯವನು ಇನ್ನೂ ಬಂದಿಲ್ಲ."

ವಿಲ್ಮರ್ ಎಲ್ಲರ ಮುಖ ನೋಡಿದ. ಯಾರೂ ನಗಲಿಲ್ಲ. ಎದ್ದ. ಎವಾರಿಸ್ಟೊ ಪತ್ರಿಕೆ ಮಡಚಿ ಎಲ್ಲರಿಗೂ ಕೊಟ್ಟು, ಒಂದನ್ನು ಆ ಖಾಲಿ ಕುರ್ಚಿಯ ಮೇಲಿಟ್ಟ. ಮನೆಗಳಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ, ಎಷ್ಟು ಹೊತ್ತು ನಿಂತಾರು? ಇಳಿದು ಹೋದರು.

ನಾನು ಒಲೆಗೆ ಸೌದೆ ಇಡುತ್ತಲೇ ಇದ್ದೆ. ಮಧ್ಯಾಹ್ನ ದಾಟಿದ ಮೇಲೆ ದೋನ್ ಲಿಸಾಂದ್ರೊ ಬಂದರು. ಸ್ವಲ್ಪ ಕುಂಟುತ್ತಿದ್ದರು. ಖಾಲಿ ಅಂಗಡಿಯನ್ನು ನೋಡಿ ಬಾಗಿಲಲ್ಲೇ ನಿಂತರು.

"ದಾರೀಲಿ ಸಿಕ್ಕಿದ್ರಾ?" ಅಂದೆ.

"ಇಳೀತಾ ಇದ್ರು. ಎವಾರಿಸ್ಟೊ ಬ್ರೇಕ್ ಹಿಡಿದ. 'ಚೆನ್ನಾಗಿದೀಯಾ' ಅಂದ. 'ಇದೀನಿ' ಅಂದೆ. ಹೋದ."

"ಕೂತ್ಕೊಳ್ಳಿ. ಪಾತ್ರೆ ಇನ್ನೂ ಒಲೆ ಮೇಲೇ ಇದೆ."

ಕುರ್ಚಿಯ ಹತ್ತಿರ ಹೋದವರು ಕಾಗದ ನೋಡಿದರು. ಕೈಗೆ ತೆಗೆದುಕೊಂಡರು. ಎವಾರಿಸ್ಟೊನ ಮಡಿಕೆ, ಅಂಕುಡೊಂಕು. ಅದನ್ನು ಬಿಚ್ಚಿ ಸರಿಮಾಡುತ್ತಾರೆ ಅಂದುಕೊಂಡೆ, ಮಾಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಈ ಅಂಗಡಿಯಲ್ಲಿ ಮೊಟ್ಟಮೊದಲ ಸಲ ಒಲೆಯ ಪಕ್ಕ ಕೂತರು. ಹೇಳಿಕೊಳ್ಳಲು ಒಂದು ತಿರುವೂ ಇರಲಿಲ್ಲ, ಕೇಳಿಸಿಕೊಳ್ಳಲು ಒಬ್ಬರೂ ಇರಲಿಲ್ಲ. ನಾನು ಬಟ್ಟಲು ತುಂಬಿಸಿ ಅವರ ಕೈಗಿಟ್ಟೆ.

ಕುಡಿದಾದ ಮೇಲೆ ಎದ್ದರು. ಅಂಗಿಯ ಜಿಪ್ ಇಳಿಸಿ, ಕಾಗದವನ್ನು ಎದೆಗೆ ಒತ್ತಿ ಇಟ್ಟುಕೊಂಡು, ಜಿಪ್ ಕತ್ತಿನವರೆಗೂ ಎಳೆದರು. ಬಾಗಿಲಲ್ಲಿ ನಿಂತು ನೋಡಿದೆ. ಮುರಿದ ಸೊಂಟದ ಮನುಷ್ಯ, ಇಳಿಜಾರಿನಲ್ಲಿ ಹೆಜ್ಜೆ ಊರಿ ಊರಿ ನಡೆದು ಹೋಗುತ್ತಿದ್ದರು. ಗಾಳಿ ಇರಲೇ ಇಲ್ಲ.

ಆಮೇಲೆ ನಾನು ಒಲೆಯಿಂದ ಪಾತ್ರೆ ಇಳಿಸಿದೆ.