ಮೊದಲ ಕಟ್ಟಿನ ಸೊಪ್ಪು

ಹುಳಿತ ಬೆಲ್ಲದ ವಾಸನೆಗೂ ಕೊಟ್ಟಿಗೆಯ ವಾಸನೆಗೂ ನಡುವಿನ ಒಂದು ವಾಸನೆಯಿದೆ. ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಗೋಣಿಚೀಲ ಹೊದ್ದು ಕೂತ ನೀಲಿ ಡ್ರಮ್ಮಿನಿಂದ ಅದು ದಿನವೂ ಬೆಳಗ್ಗೆ ಏಳುತ್ತದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ಪಾಪ, ಅವರ ತಪ್ಪೇನಿಲ್ಲ. ನಾನು ಮಾತ್ರ ಗೋಣಿ ಸರಿಸಿ, ಬಗ್ಗಿ, ಎದೆ ತುಂಬ ಮೂಸುತ್ತೇನೆ. ಮೂಸಿದೊಡನೆ ಅಮೃತೂರಿನ ಹಿತ್ತಿಲು, ನೀರು ಕಟ್ಟಿದ ಪಾತಿಗಳು, ಸೀರೆ ಎತ್ತಿ ಕಟ್ಟಿ ಡ್ರಮ್ಮಿನ ಮುಂದೆ ನಿಂತ ದೊಡ್ಡಮ್ಮ, ಎಲ್ಲವೂ ಬಂದುಬಿಡುತ್ತವೆ. ಹೋದ ತಿಂಗಳು ಹೀಗೆ ಮೂಸಿ ತಲೆಯೆತ್ತಿದಾಗ ಕುಂಡಗಳಲ್ಲಿ ದಂಟಿನ ಸೊಪ್ಪು ಕೊಯ್ಲಿಗೆ ಬಂದಿತ್ತು. ಮೊದಲ ಕಟ್ಟನ್ನು ನಾನು ಗುಬ್ಬಿಯ ಒಂದು ಮನೆಗೆ ಮುಟ್ಟಿಸಲೇಬೇಕಿತ್ತು. ಯಾಕೆಂದು ಹೇಳಬೇಕಾದರೆ ದೊಡ್ಡಮ್ಮನಿಂದಲೇ ಶುರು ಮಾಡಬೇಕು.

ಅಪ್ಪನದು ಊರೂರು ತಿರುಗುವ ಕೆಲಸ. ಹಾಗಾಗಿ ನನ್ನ ಶಾಲೆಯ ವರ್ಷಗಳೆಲ್ಲ ಕಳೆದದ್ದು ಅಮ್ಮನ ಅಕ್ಕನ ಮನೆಯಲ್ಲಿ. ಮನೆಯ ಮುಂದಿನ ಭಾಗ ದೊಡ್ಡಪ್ಪನದು: ಸಾರಿಸಿದ ಜಗಲಿ, ವಿಭೂತಿಗಟ್ಟಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಹಿತ್ತಿಲು ದೊಡ್ಡಮ್ಮನ ರಾಜ್ಯ. ಅಲ್ಲಿ ಮೆಂತ್ಯ, ಸಬ್ಬಸಿಗೆ, ಹರಿವೆ, ದಂಟು, ಚಕ್ಕೋತ ಪಾತಿಪಾತಿಯಾಗಿ ಬೆಳೆಯುತ್ತಿದ್ದವು. ಅವಕ್ಕೆಲ್ಲ ಊಟ ಆ ಡ್ರಮ್ಮಿನಿಂದ. ನಾಟಿ ಹಸುವಿನ ಸಗಣಿ, ಗಂಜಳ, ಒಂದು ಅಚ್ಚು ಬೆಲ್ಲ, ಹುರುಳಿ ಹಿಟ್ಟು, ಹೊಂಗೆ ಮರದ ಬುಡದ ಒಂದು ಹಿಡಿ ಮಣ್ಣು. ಇಷ್ಟನ್ನು ನೀರಲ್ಲಿ ಕದಡಿ ಬಿದಿರುಕೋಲಿನಿಂದ ಬೆಳಗ್ಗೆ ಸಂಜೆ ತಿರುವಿದರೆ ನೊರೆಯೇಳುತ್ತಿತ್ತು. ಈಗ ಅದಕ್ಕೆ ಜೀವಾಮೃತ ಎಂಬ ದೊಡ್ಡ ಹೆಸರಿದೆ. ದೊಡ್ಡಮ್ಮ ಹೆಪ್ಪು ಎನ್ನುತ್ತಿದ್ದಳು, ಯಾಕೆಂದರೆ ಮೊಸರಿಗೆ ಹೇಗೋ ಹಾಗೆ, ಹಳೆಯದರಲ್ಲಿ ಒಂದು ತಂಬಿಗೆ ಉಳಿಸಿಕೊಂಡೇ ಹೊಸದನ್ನು ಕೂಡಿಸಬೇಕು. ಅವಳ ಅತ್ತೆ ಕೊಟ್ಟ ಹೆಪ್ಪು ಅವಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಸಂತೆಯಲ್ಲಿ ತಂದ ಯೂರಿಯಾ ಸೊಪ್ಪು ಸಂಜೆಯೊಳಗೆ ಕರಗಿ ನೀರಾಗುತ್ತಿತ್ತು. ನಮ್ಮ ಸೊಪ್ಪಿನ ಎಲೆ ಅಂಗೈಯಗಲ, ಕಡುಹಸಿರು, ಮುರಿದರೆ ಟಕ್ ಎನ್ನುವ ದಂಟು. ಮಾರನೆಯ ದಿನಕ್ಕೂ ಮುಖ ಬಾಡಿಸುತ್ತಿರಲಿಲ್ಲ.

ಯಾರು ತಂಬಿಗೆ ಹಿಡಿದು ಬಂದರೂ ದೊಡ್ಡಮ್ಮ ಹೆಪ್ಪು ಕೊಡುತ್ತಿದ್ದಳು. ದುಡ್ಡುಕಾಸಿನ ಮಾತೇ ಇಲ್ಲ. ಆದರೆ ಒಂದು ಕಟ್ಟಳೆ. ಹೆಪ್ಪು ಒಯ್ದವರು ಮೊದಲ ಕೊಯ್ಲಿನ ಮೊದಲ ಕಟ್ಟನ್ನು ಬಾಳೆನಾರಿನಲ್ಲಿ ಕಟ್ಟಿ ಹೆಪ್ಪು ಕೊಟ್ಟ ಮನೆಗೆ ತಂದು ಕೊಡಬೇಕು. ಅದನ್ನು ತಮ್ಮ ಒಲೆಯ ಮೇಲೆ ಇಡಕೂಡದು. "ಕೊಟ್ಟೋರು ಉಂಡ್ಮೇಲೇ ನಾವು ಉಣ್ಬೇಕು ಕಣೇ ಪುಟ್ಟಿ, ಇಲ್ದಿದ್ರೆ ಅದು ಬರೀ ಸಗಣಿ ನೀರು" ಎನ್ನುತ್ತಿದ್ದಳು.

ಒಂದು ಸಲ ಮಠದ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ಬರುವುದೆಂದಾಯಿತು. ದೊಡ್ಡಪ್ಪ ನೆಲದ ಮೇಲೆ ನಿಲ್ಲಲಿಲ್ಲ. ಸುಣ್ಣ ಹೊಡೆಸಿದ, ತೋರಣ ಕಟ್ಟಿಸಿದ, ಹೊಸ ಚಾಪೆ ತಂದ. ಪೂಜೆಯ ಹಿಂದಿನ ದಿನ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಕುಣಿಗಲ್ಲಿಗೆ ಹೂ ತರಲು ಹೋಗಿದ್ದಳು. ಬರುವಷ್ಟರಲ್ಲಿ ಹಿತ್ತಿಲೆಲ್ಲ ಫಿನಾಯಿಲ್ ವಾಸನೆ. ಡ್ರಮ್ಮು ತೊಳೆಸಿಕೊಂಡು, ಬೋರಲಾಗಿ, ಫಳಫಳ ಹೊಳೆಯುತ್ತ ಬಿಸಿಲಿಗೆ ಕೂತಿತ್ತು.

"ಸ್ವಾಮಿಗಳು ಬರೋ ಮನೇಲಿ ಅಂಥ ನಾತ ಇಟ್ಕೊಳಕ್ಕಾಯ್ತದಾ? ನೋಡು, ಹೊಸದಾಗೇ ಕಾಣ್ತದೆ" ಎಂದ ದೊಡ್ಡಪ್ಪ, ಶಭಾಷ್ ಅನ್ನಲಿ ಎಂಬಂತೆ.

"ಅದ್ರಲ್ಲಿ ಜೀವ ಇತ್ತು ಕಣ್ರೀ" ಎಂದಳು ದೊಡ್ಡಮ್ಮ.

"ಇನ್ನೊಂದ್ಸಲ ಕಲ್ಸಿದ್ರಾಯ್ತು ಬುಡು."

ದೊಡ್ಡಮ್ಮ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ ಒಳಗೆ ಹೋದಳು. ಮಾರನೆಯ ದಿನ ಮುಖ ಗಂಟಿಕ್ಕಿಕೊಂಡೇ ಬಡಿಸಿದಳು. ಸ್ವಾಮಿಗಳು ದಂಟಿನ ಸೊಪ್ಪಿನ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಹಿತ್ತಿಲನ್ನೆಲ್ಲ ಸುತ್ತಾಡಿ, "ತಾಯಿ, ಈ ಪಾತಿಗೆ ಏನೋ ಹಾಕ್ತೀರಂತಲ್ಲ, ಅದನ್ನ ನಮ್ಮ ಮಠದ ಸೊಪ್ಪಿಗೂ ಸ್ವಲ್ಪ ಕೊಡಿ" ಎಂದರು. ದೊಡ್ಡಪ್ಪನ ಮುಖದಲ್ಲಿ ಸುಣ್ಣ ಹೊಡೆದಷ್ಟೇ ಬಿಳುಪು. "ಕಳಿಸ್ಕೊಡ್ತೀನಿ ಬುದ್ಧಿ" ಎಂದು ದೊಡ್ಡಮ್ಮ ಕೈ ಮುಗಿದಳು. ಆಮೇಲೆ ಆ ಮನೆಯಲ್ಲಿ ಎಷ್ಟೋ ಕಾಲ ಯಾರೂ ಫಿನಾಯಿಲ್ ಹೆಸರೆತ್ತಲಿಲ್ಲ.

ಊರಲ್ಲಿ ಹೆಪ್ಪು ಒಯ್ದವರು ಯಾರೂ ಅದನ್ನು ಉಳಿಸಿಕೊಂಡಿರಲಿಲ್ಲ, ಹಾಗಾಗಿ ನಾವಿಬ್ಬರೂ ಗುಬ್ಬಿಗೆ ಹೋದೆವು. ಜೈನಬಿ ಚಿಕ್ಕಮ್ಮನ ಮನೆಗೆ. ಅವಳ ಗಂಡ ಹಾಸಿಗೆ ಹೊಲಿಯುವವನು. ಮೊದಲು ಅಮೃತೂರಿನಲ್ಲಿ ನಮ್ಮ ಬೀದಿಯಲ್ಲೇ ಇದ್ದರು. ಊರು ಬಿಡುವಾಗ ದೊಡ್ಡಮ್ಮ ಕೊಟ್ಟ ಹೆಪ್ಪನ್ನು ಅವಳು ಅಲ್ಲಿಯೂ ಉಳಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತ ದೊಡ್ಡಮ್ಮನ ಕೈಯಲ್ಲಿ ತಂಬಿಗೆ ನೋಡಿ ಅವಳು ನಕ್ಕುಬಿಟ್ಟಳು. "ನಿಮ್ದೇ ನಿಮ್ಗೆ ಕೊಡ್ತಿದೀನಿ ಅಕ್ಕಾ. ಇದಕ್ಕೆಲ್ಲ ಸೊಪ್ಪು ವಾಪಸ್ ತರ್ಬೇಡಿ." ದೊಡ್ಡಮ್ಮ ಕೇಳುವವಳೇ? ಮುಂದಿನ ಕೊಯ್ಲಿನ ಮೊದಲ ಕಟ್ಟು ನನ್ನ ಮಡಿಲಲ್ಲಿ ಕೂತು, ಕುಣಿಗಲ್, ತುಮಕೂರು, ಗುಬ್ಬಿ ಎಂದು ಬಸ್ಸು ಬದಲಿಸುತ್ತ ಹೋಯಿತು. ಆ ದಿನ ಜೈನಬಿ ಚಿಕ್ಕಮ್ಮ ಅದೇ ಸೊಪ್ಪಿಗೆ ತೊಗರಿಬೇಳೆ ಹಾಕಿ ಬೇಯಿಸಿದಳು. ಅವರಿಬ್ಬರೂ ಅಡುಗೆಮನೆಯ ಹೊಸಿಲಲ್ಲಿ ಕೂತು ಆಡಿದ ಮಾತುಗಳು ನನಗೆ ನೆನಪಿಲ್ಲ. ನಗು ನೆನಪಿದೆ.

ನನ್ನ ಮದುವೆಯಲ್ಲಿ ದೊಡ್ಡಮ್ಮ ಮಡಿಲಕ್ಕಿಯ ಜೊತೆ ಒಂದು ಬಾಟಲಿ ಹೆಪ್ಪನ್ನೂ ಕಟ್ಟಿ ಕಳಿಸಿದಳು. ಗಂಡಿನ ಕಡೆಯವರ ವ್ಯಾನಿನಲ್ಲಿ, ಹೆಬ್ಬೂರು ದಾಟುವ ಹೊತ್ತಿಗೆ, ಗಾಳಿ ಕಟ್ಟಿ ಮುಚ್ಚಳ ಹಾರಿತು. ನನ್ನ ಅತ್ತೆಯ ರೇಷ್ಮೆ ಸೀರೆಗೆ ಆದದ್ದನ್ನು ಇಲ್ಲಿ ಬರೆಯುವುದು ಬೇಡ. ನನ್ನ ಗಂಡ ಮಾತ್ರ ನಗು ತಡೆಯಲಾರದೆ ಕಿಟಕಿಯಾಚೆ ಮುಖ ತಿರುಗಿಸಿಕೊಂಡಿದ್ದರು. ಇವರ ಜೊತೆ ಬಾಳಬಹುದು ಎಂದು ನನಗೆ ಆಗಲೇ ಅನಿಸಿತ್ತು. ಬಾಟಲಿಯ ತಳದಲ್ಲಿ ಉಳಿದದ್ದರಿಂದಲೇ ಈ ತಾರಸಿಯ ಡ್ರಮ್ಮು ಶುರುವಾಯಿತು. ಕಟ್ಟಳೆ ಒಂದೇ ಸಲಕ್ಕೆ, ಆದರೂ ದೊಡ್ಡಮ್ಮ ಇರುವ ತನಕ ಪ್ರತಿ ಮಳೆಗಾಲದ ಮೊದಲ ಕಟ್ಟು ಅಮೃತೂರಿಗೆ ಹೋಯಿತು. ಮೊದಲು ದೊಡ್ಡಪ್ಪ ಹೋದ, ಆಮೇಲೆ ಅವಳು. ಮನೆ ಪಾಲಾಗಿ, ಆ ಹಿತ್ತಿಲಿನಲ್ಲೀಗ ಸಿಮೆಂಟಿನ ಗೋದಾಮಿದೆ. ಒಮ್ಮೆ ಹೋಗಿ ನೋಡಿ ಬಂದೆ, ಮತ್ತೆ ಆ ದಾರಿ ಹಿಡಿಯಲಿಲ್ಲ.

ಹೋದ ವರ್ಷ ನನ್ನ ಗಂಡ ಆಸ್ಪತ್ರೆ ಸೇರಿದರು. ನಾನು ಅವರ ಮಂಚದ ಪಕ್ಕದಲ್ಲೇ ಇದ್ದೆ. ಅವರನ್ನು ಕಳಿಸಿಕೊಟ್ಟು, ಕರ್ಮಗಳೆಲ್ಲ ಮುಗಿದು, ಬಂದವರೆಲ್ಲ ಹೊರಟ ಮೇಲೆ ತಾರಸಿಗೆ ಹತ್ತಿದರೆ ಡ್ರಮ್ಮಿನ ತಳದಲ್ಲಿ ಬಿರುಕುಬಿಟ್ಟ ಕರಿ ಹಕ್ಕಳೆ. ಅವರು ಹೋದ ದಿನ ಬಾರದ ಅಳು ಅಲ್ಲಿ ಬಂತು. ಮಾರನೆಯ ದಿನವೇ ತಂಬಿಗೆ ಹಿಡಿದು ಗುಬ್ಬಿಯ ಬಸ್ಸು ಹತ್ತಿದೆ. ಜೈನಬಿ ಚಿಕ್ಕಮ್ಮನಿಗೆ ಕಣ್ಣು ಮಂಜಾಗಿತ್ತು. ನನ್ನ ಬರಿಗೊರಳನ್ನು ಕೈಯಿಂದಲೇ ತಡವಿ ನೋಡಿ ತಿಳಿದುಕೊಂಡಳು. ತಂಬಿಗೆ ತುಂಬಿಸಿ, "ಒಂಟಿಯಾಗಿದೀನಿ ಅಂತ ಒಲೆ ಹಚ್ದೆ ಇರ್ಬೇಡ ಪುಟ್ಟಿ. ಮೊದ್ಲ ಕಟ್ಟು ತಗೊಂಡ್ ಬಾ, ಕಾಯ್ತಿರ್ತೀನಿ" ಎಂದಳು. ಪುಟ್ಟಿ ಎಂದು ಕರೆಯಲು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು.

ಆ ಹೆಪ್ಪು ಹಿಡಿಯಿತು. ಹಾಲಿನವನಿಂದ ಸಗಣಿ ಗಂಜಳ ತರಿಸಿ, ಬಕೆಟ್ಟಿನಿಂದ ಡ್ರಮ್ಮಿಗೆ ಬೆಳೆಸಿದೆ. ಸೊಪ್ಪಿನ ಬೀಜ ಚೆಲ್ಲುವಷ್ಟು ಮನಸ್ಸು ಗಟ್ಟಿಯಾಗಲು ತಡವಾಯಿತು, ಅಷ್ಟೆ. ಹೋದ ತಿಂಗಳು ಕೊಯ್ದ ಮೊದಲ ಕಟ್ಟನ್ನು ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿ ಗುಬ್ಬಿಗೆ ಹೋದೆ. ಬಾಗಿಲಿಗೆ ಬೀಗ. ಎದುರುಮನೆಯ ಹೆಂಗಸು ಹೊರಗೆ ಬಂದಳು.

"ಜೈನಬಮ್ಮಾನಾ? ಅಯ್ಯೋ, ರಂಜಾನ್ ಮುಗಿದ್ಮೇಲೆ ತೀರ್ಕೊಂಡ್ಬಿಟ್ರಲ್ಲ. ನಿಮ್ಗೆ ಯಾರೂ ಹೇಳ್ಲಿಲ್ವಾ?"

ನನಗೆ ಹೇಳಬೇಕೆಂದು ಯಾರಿಗೆ ಗೊತ್ತಿರುತ್ತದೆ? ನಾನು ಅವಳಿಗೆ ಏನಾಗಬೇಕೆಂದು ಹೇಳಲು ನನಗೇ ಪದವಿಲ್ಲ. ಡ್ರಮ್ಮಿನ ಬಗ್ಗೆ ಕೇಳಿದೆ.

"ಆ ವಾಸ್ನೆ ಡ್ರಮ್ಮಾ? ಅವ್ರ ಕಡೇವ್ರು ಮನೆ ಖಾಲಿ ಮಾಡ್ವಾಗ ಮೋರಿಗೆ ಸುರ್ದ್ರು. ಡ್ರಮ್ ಚೆನ್ನಾಗಿತ್ತು, ನಾನೇ ತೊಳ್ಕೊಂಡು ನೀರು ತುಂಬ್ಸಿಟ್ಟಿದೀನಿ."

ಕಟ್ಟನ್ನು ಅವಳಿಗೇ ಕೊಟ್ಟು ಬರಬಹುದಿತ್ತು. ಮನಸ್ಸು ಬರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮನೆ ಮುಟ್ಟುವಾಗ ಸಂಜೆಯಾಗಿತ್ತು, ಸೊಪ್ಪು ಬಾಡಿರಲಿಲ್ಲ. ನಾರು ಬಿಚ್ಚಿ, ಬಿಡಿಸಿ, ಬೇಯಿಸಿ, ಬಸ್ಸಾರು ಮಾಡಿದೆ. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟರೆ ದೊಡ್ಡಮ್ಮನ ಹಿತ್ತಿಲಿನ ಅದೇ ರುಚಿ. ಮೊದಲ ಕಟ್ಟನ್ನು ತನ್ನ ಒಲೆಯಲ್ಲೇ ಬೇಯಿಸಿ ಉಂಡವಳು ನಮ್ಮಲ್ಲಿ ನಾನೇ ಇರಬೇಕು. ಬೈಯುವವರು ಯಾರೂ ಇರಲಿಲ್ಲ. ತಟ್ಟೆ ತೊಳೆದಿಟ್ಟು ತಾರಸಿಗೆ ಹೋಗಿ, ಬೆಲ್ಲ, ಹಿಟ್ಟು ಹಾಕಿ ಡ್ರಮ್ಮನ್ನು ತಿರುವಿದೆ. ಇನ್ನು ಇದು ಒಣಗಿದರೆ, ತಂಬಿಗೆ ಹಿಡಿದು ಹೋಗಲು ನನಗೆ ಯಾವ ಮನೆಯೂ ಇಲ್ಲ.