ತಲೆಕೆಳಗಾಗಿ ಬರೆದ ಫೀನಾಲ್

ಮಾದೇವಿ, ನೀನು ಬರೆದದ್ದು ಸರಿಯಾಗಿತ್ತು. ಸರಿ ಎಂದು ಗೊತ್ತಿದ್ದೇ ನಾನು ತಪ್ಪು ಹಾಕಿದೆ.

ತೊಂಬತ್ತರ ದಶಕದ ಮಾತು. ಪಾಲಕೋಡಿನ ಶಾಲೆಯಲ್ಲಿ ನಾವಿಬ್ಬರೂ ಹನ್ನೆರಡನೇ ಕ್ಲಾಸು, ಪ್ಲಸ್ ಟೂ. ರಜೆಯ ದಿನ ನೀನು ಅಪ್ಪನ ಕುರಿ ಕಾಯುತ್ತಿದ್ದೆ. ನಾನು ಅಲ್ಲಿಗೇ ಬಂದು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೆ. ಗೆರೆಯ ಮೂಲೆಮೂಲೆಗೂ ಒಂದು ಕಾರ್ಬನ್, ಕಾರ್ಬನ್ನಿಗೆ ನಾಲ್ಕು ಕೈ, ಗೆರೆಯಲ್ಲಿ ಕಾಣದ ಕೈಯೆಲ್ಲ ಹೈಡ್ರೋಜನ್ ಹಿಡಿದಿದೆ ಅಂದುಕೋ ಎನ್ನುತ್ತಿದ್ದೆ. ಕುರಿ ಯಾರದಾದರೂ ಹೊಲಕ್ಕೆ ನುಗ್ಗೀತೆಂದು ನೀನು ಹಿಂಡಿನತ್ತ ಮುಖ ಮಾಡಿ ನನ್ನೆದುರು ಕೂರುತ್ತಿದ್ದೆ. ಹಾಗಾಗಿ ನಾನು ಬರೆದದ್ದನ್ನೆಲ್ಲ ನೀನು ತಲೆಕೆಳಗಾಗಿ ಕಲಿತೆ.

ಅದರಿಂದ ಏನೂ ಕೆಟ್ಟಿರಲಿಲ್ಲ. ಷಟ್ಕೋನದ ಮೇಲೆ ಓಎಚ್ ಕೂರಿಸಿದರೂ ಫೀನಾಲ್, ಕೆಳಗೆ ಇಳಿಬಿಟ್ಟರೂ ಫೀನಾಲೇ. ಯಾವುದಕ್ಕೆ ಯಾವುದು ಅಂಟಿದೆ ಎನ್ನುವುದಷ್ಟೇ ಮುಖ್ಯ. ಕಾಗದ ತಿರುಗಿಸಿದರೆ ಅಣು ಬದಲಾಗುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು.

ಗೊತ್ತಿದ್ದೂ — ಹೇಗೆ ಹೇಳಲಿ? ನನಗೆ ಹೊಟ್ಟೆಕಿಚ್ಚು. ಸಾರ್ ಬೋರ್ಡಿನ ಮೇಲೆ ಹೊಸ ಅಂಕುಡೊಂಕು ಗೆರೆ ಎಳೆದರೆ ನಾನು ಬೆರಳು ಮಡಚಿ ಕಾರ್ಬನ್ ಎಣಿಸುವಷ್ಟರಲ್ಲಿ ನೀನು ಹೆಸರು ಹೇಳಿಬಿಡುತ್ತಿದ್ದೆ. ನಾನು ಕಲಿಸಿದವಳು, ನೀನು ಕಲಿತವಳು! ಗುರುವಿಗೇ ತಿರುಮಂತ್ರ ಎಂದು ನಾನು ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಅರೆವಾರ್ಷಿಕ ಪರೀಕ್ಷೆಯ ಪೇಪರುಗಳನ್ನು ಸಾರ್ ತಿದ್ದಲು ನನಗೇ ಕೊಟ್ಟರು, ಪುಸ್ತಕದಲ್ಲಿ ಇದ್ದಂತೆ ಇದ್ದರೆ ಸರಿ ಹಾಕು ಎಂದರು. ನಿಮ್ಮಪ್ಪ ಆಗಲೇ ಹೇಳಿದ್ದರು: ಈ ಪರೀಕ್ಷೆಯಲ್ಲಿ ಕೆಮಿಸ್ಟ್ರಿ ಪಾಸಾದರೆ ಮುಂದೆ ಧರ್ಮಪುರಿ ಕಾಲೇಜು, ಇಲ್ಲದಿದ್ದರೆ ಓದು ಸಾಕು, ಕುರಿ ಕಾಯಿ. ನಿನ್ನ ಪೇಪರಿನಲ್ಲಿ ಪುಸ್ತಕದಂತೆ ಒಂದು ಚಿತ್ರವೂ ಇರಲಿಲ್ಲ. ಪೇಪರನ್ನು ತಲೆಕೆಳಗು ಮಾಡಿ ನೋಡಿದೆ — ಹೌದು, ನೋಡಿದೆ — ಎಲ್ಲ ಸರಿಯಾಗಿತ್ತು. ಮತ್ತೆ ನೆಟ್ಟಗೆ ಇಟ್ಟುಕೊಂಡು ಒಂದೊಂದಕ್ಕೂ ಕೆಂಪು ಇಂಟು ಹಾಕಿದೆ. ಸಾರ್ ಮೊತ್ತ ಮಾತ್ರ ನೋಡಿದರು. ನೀನು ಫೇಲಾದೆ.

ಗೇಟಿನ ಹತ್ತಿರ ನೀನು ನನ್ನ ತಡೆದು ಕೇಳಿದೆ: “ನಾನ್ ಬರ್ದಿದ್ದು ನಿಜವಾಗ್ಲೂ ತಪ್ಪಾ? ನೀನೇ ಯೇಳ್ಬುಡು.”

“ತಪ್ಪೇ ಕಣೇ. ಇದು ನಿನ್ ತಲೆಗೆ ಅತ್ತಲ್ಲ, ಬುಟ್ಬುಡು.”

ನೀನು ನಂಬಿದೆ. ಜಗಳವಾಡಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ — ಇಲ್ಲ, ಈ ಮಾತೂ ಸುಳ್ಳು. ಮರುವಾರದಿಂದ ನೀನು ಶಾಲೆಗೆ ಬರಲಿಲ್ಲ. ನಾನು ಕಾಲೇಜು ಮುಗಿಸಿ ಕೆಮಿಸ್ಟ್ರಿ ಟೀಚರಾದೆ.

ಹೋದ ವಾರ ಕಾರಿಮಂಗಲಂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೈ ಹಿಡಿದುಕೊಂಡು ಎಷ್ಟು ಸಂತೋಷಪಟ್ಟೆ ನೀನು! ಪಕ್ಕದಲ್ಲಿದ್ದ ಮಗಳನ್ನು ತೋರಿಸಿ, “ಇವ್ಳು ಪ್ಲಸ್ ಒನ್ನಲ್ಲಿ ಸೈನ್ಸ್ ಕೇಳ್ತಾವ್ಳೆ. ಬ್ಯಾಡ ಅಂದಿವ್ನಿ. ನಮ್ ತಲೆಗೆ ಅದೆಲ್ಲ ಅತ್ತಲ್ಲ ಅಂತ ನೀನೇ ಯೇಳಿದ್ದಲ್ಲಾ” ಎಂದೆ. ಹುಡುಗಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ನಿಮ್ಮ ಬಸ್ ಬಂತು — ಬರದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ.

ಈ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಮಾಡಿದ್ದನ್ನು ನಿನ್ನ ಮಗಳ ಎದುರಿಗೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ನಿಂತು, ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತೇನೆ: ನಿಮ್ಮಮ್ಮ ಫೇಲಾಗಿರಲಿಲ್ಲ.